ಕಿನ್ಶಾಸಾದ ಎಂಟು ರೌಂಡು: ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯ,

ಮೊಹಮ್ಮದ್ ಅಲಿ–ಜಾರ್ಜ್ ಫೋರ್ಮನ್ ಬಾಕ್ಸಿಂಗ್ ಫೈಟನ್ನು ಕೊನೆಗೂ ಪೂರ್ತಿ ನೋಡಿದೆಯಲ್ಲ, ಖುಷಿಯಾಯಿತು. ಆದರೆ ನೋಡಿ ಮುಗಿಸಿ ನೀನು ಬರೆದ ಸಾಲು ಒಪ್ಪಲಾಗದು: "ಅಲಿ ಹಗ್ಗಕ್ಕೆ ಒರಗಿ ಹೊಡೆಸಿಕೊಂಡ, ಫೋರ್ಮನ್ ಹೊಡೆದೂ ಹೊಡೆದೂ ಸುಸ್ತಾದ, ಅಷ್ಟೇ ತಾನೆ?" ಅಷ್ಟೇ ಆಗಿದ್ದರೆ ಫೋರ್ಮನ್‌ನನ್ನು ಯಾರು ಬೇಕಾದರೂ ಸೋಲಿಸಬಹುದಿತ್ತು ಮಾರಾಯ. ಒರಗಿ ನಿಂತ ಆ ಹೊತ್ತಿನಲ್ಲಿ ಅಲಿ ಎಷ್ಟು ಕೆಲಸ ಮಾಡುತ್ತಿದ್ದ ಅನ್ನುವುದನ್ನು ಬಿಡಿಸಿ ಹೇಳುತ್ತೇನೆ, ವಿಡಿಯೋ ಪಕ್ಕಕ್ಕಿಟ್ಟುಕೊಂಡು ಓದು.

ಮೊದಲು ಲೆಕ್ಕ. 1974ರ ಅಕ್ಟೋಬರ್ 30, ಆಫ್ರಿಕಾದ ಝೈರ್ (ಇಂದಿನ ಡಿ.ಆರ್. ಕಾಂಗೋ) ದೇಶದ ಕಿನ್ಶಾಸಾ. ಅಮೆರಿಕದಲ್ಲಿ ಜನ ರಾತ್ರಿ ಕೂತು ನೋಡಲಿ ಎಂದು ಅಲ್ಲಿ ಬೆಳಗಿನ ಜಾವ ನಾಲ್ಕಕ್ಕೆ ಗಂಟೆ ಬಾರಿಸಿದರು. ಆಗಿನ ಹೆವಿವೇಟ್ ಚಾಂಪಿಯನ್ ಫೋರ್ಮನ್‌ಗೆ 25 ವರ್ಷ, 40 ಫೈಟಿಗೆ 40 ಗೆಲುವು, ಅದರಲ್ಲಿ 37 ನಾಕೌಟ್. ಅಲಿಗೆ 32. ಫ್ರೇಜಿಯರ್ ಮತ್ತು ನಾರ್ಟನ್ ಇಬ್ಬರೂ ಅಲಿಯನ್ನು ಒಂದೊಂದು ಸಲ ಸೋಲಿಸಿದ್ದವರು. ಅವರಿಬ್ಬರನ್ನೂ ಫೋರ್ಮನ್ ಎರಡೆರಡೇ ರೌಂಡಿನಲ್ಲಿ ಮುಗಿಸಿದ್ದ, ಫ್ರೇಜಿಯರ್‌ನನ್ನಂತೂ ಆರು ಸಲ ಕೆಡವಿ. ಆ ಎರಡರ ನಡುವೆ ಟೋಕಿಯೋದಲ್ಲಿ ರೋಮನ್ ಎಂಬ ಬಾಕ್ಸರ್ ಅವನೆದುರು ಒಂದೇ ರೌಂಡು ನಿಂತ. ಅಂದರೆ ಹದಿನೈದು ರೌಂಡಿನ ಈ ಫೈಟಿಗೆ ಬಂದವನು, ಚಾಂಪಿಯನ್‌ಶಿಪ್ ಫೈಟಿನಲ್ಲಿ ಮೂರನೇ ರೌಂಡು ಹೇಗಿರುತ್ತದೆಂದು ಕಂಡೇ ಇರಲಿಲ್ಲ. ಫೈಟು ಸೆಪ್ಟೆಂಬರ್‌ನಲ್ಲೇ ಆಗಬೇಕಿತ್ತು. ಸ್ಪಾರಿಂಗ್‌ನಲ್ಲಿ, ಅಂದರೆ ಅಭ್ಯಾಸದ ಕಾದಾಟದಲ್ಲಿ, ಫೋರ್ಮನ್‌ನ ಬಲಗಣ್ಣಿನ ಮೇಲೆ ಸೀಳಿದ್ದರಿಂದ ಐದು ವಾರ ಮುಂದೆ ಹೋಯಿತು.

ಈಗ ಮೊದಲ ರೌಂಡು ಹಾಕು. ಹಗ್ಗದ ಕಥೆಯನ್ನೇ ಹೇಳುವವರು ಇದನ್ನು ಹಾರಿಸಿಬಿಡುತ್ತಾರೆ. ಎಡಗಾಲು ಮುಂದಿಟ್ಟು ನಿಲ್ಲುವವನ ಬಲಗೈ ಹಿಂದೆ, ಗದ್ದದ ಹತ್ತಿರ ಇರುತ್ತದೆ. ಅದು ಎದುರಾಳಿಯ ಮುಖ ಮುಟ್ಟಬೇಕಾದರೆ ಭುಜ, ಸೊಂಟ ಎರಡೂ ತಿರುಗಬೇಕು; ದಾರಿ ದೂರ, ಬರುವುದು ಕಣ್ಣಿಗೆ ಬೀಳುತ್ತದೆ, ತಪ್ಪಿದರೆ ಎದುರಾಳಿಯ ಎಡ ಹುಕ್‌ಗೆ (ಮೊಣಕೈ ಬಾಗಿಸಿ ಪಕ್ಕದಿಂದ ಬೀಸುವ ಏಟು) ದವಡೆ ತೆರೆದುಕೊಳ್ಳುತ್ತದೆ. ಅದಕ್ಕೇ ಎಲ್ಲರೂ ಮೊದಲು ಜ್ಯಾಬ್ (ಮುಂದಿನ ಕೈಯ ಚುರುಕಾದ ನೇರ ಏಟು) ಬಿಟ್ಟು ಅದರ ಮರೆಯಲ್ಲಿ ಬಲಗೈ ತರುತ್ತಾರೆ. ಅಲಿ ಜ್ಯಾಬ್ ಇಲ್ಲದೆ ನೇರ ಬಲಗೈಯನ್ನೇ ಮೊದಲು ಬಿಟ್ಟ, ಆ ಒಂದೇ ರೌಂಡಿನಲ್ಲಿ ಹನ್ನೆರಡರ ಆಸುಪಾಸು. ಫೋರ್ಮನ್ ಎರಡೂ ಕೈ ಮುಂದಕ್ಕೆ ಚಾಚಿ ಜ್ಯಾಬ್ ತಳ್ಳುತ್ತಾ ಬರುವವನು. ಆ ಚಾಚಿದ ಕೈಗಳ ನಡುವೆ ಬಲಗೈ ಸೀದಾ ಹೊಕ್ಕಿತು. ಜಗತ್ತಿನ ಅತಿ ಭಾರದ ಏಟಿನವನ ಮುಂದೆ ಹೀಗೆ ಮೈ ತೆರೆಯುವವರು ಯಾರು? ಫೋರ್ಮನ್‌ನ ಸ್ಪಾರಿಂಗ್ ಜೊತೆಗಾರರೂ ಇದನ್ನು ಅಭ್ಯಾಸ ಮಾಡಿಸಿರಲಾರರು.

ಆದರೆ ಕಾಲಿನ ಲೆಕ್ಕ ಅಲಿಗೆ ಕೂಡಲಿಲ್ಲ. ಸುತ್ತ ಓಡುವವನು ವೃತ್ತದ ಅಂಚಿನಲ್ಲಿ ನಡೆಯುತ್ತಾನೆ, ಅಡ್ಡಗಟ್ಟುವವನು ಒಳಗಿನ ಗಿಡ್ಡ ದಾರಿಯಲ್ಲಿ. ಫೋರ್ಮನ್ ರಿಂಗ್ ಅಡ್ಡಗಟ್ಟುವುದರಲ್ಲಿ ಪಳಗಿದವನು. ಹದಿನೈದು ರೌಂಡು ಅವನಿಗಿಂತ ಹೆಚ್ಚು ಹೆಜ್ಜೆ ಹಾಕುತ್ತಾ ಹೋದರೆ ಆ ಸೆಕೆಯಲ್ಲಿ ಮೊದಲು ಸೋಲುವುದು ಅಲಿಯ ಕಾಲೇ. ಎರಡನೇ ರೌಂಡಿಗೆ ಅವನು ಹಗ್ಗಕ್ಕೆ ಹೋದ. ಕಾರ್ನರಿನಲ್ಲಿ ಅವನ ತರಬೇತುದಾರ ಏಂಜೆಲೋ ಡಂಡಿ ಹೊರಗೆ ಬಾ, ಹೊರಗೆ ಬಾ ಎಂದು ಕಿರುಚುತ್ತಲೇ ಇದ್ದ.

ಇಲ್ಲಿ ವೇಗ ಕಡಿಮೆ ಮಾಡಿಕೊಂಡು ನೋಡು. ಮೊಣಕೈ ಎರಡೂ ಪಕ್ಕೆಗೆ ಅಂಟಿವೆ, ಗ್ಲೌಸ್ ಕೆನ್ನೆಯ ಮೇಲೆ, ಸೊಂಟದಿಂದ ಮೇಲಿನ ಮೈ ಹಗ್ಗದಾಚೆಗೆ ಬಾಗಿದೆ. ತಲೆಗೆ ಬಂದ ಹುಕ್ ಗೇಣು ದೂರದಲ್ಲಿ ಗಾಳಿಗೆ ಹೋಗುತ್ತದೆ. ತೋಳಿಗೆ ಬಿದ್ದ ಏಟಿನ ಭಾರ ಹಗ್ಗಕ್ಕೂ ಹಂಚಿಹೋಗುತ್ತದೆ. ಬಿದ್ದ ಏಟಿಗಿಂತ ತಪ್ಪಿದ ಏಟು ಹೊಡೆದವನನ್ನು ಹೆಚ್ಚು ದಣಿಸುತ್ತದೆ, ಬೀಸಿದ ಕೈಯನ್ನು ತಾನೇ ತಡೆದು ಮತ್ತೆ ಕಾಲೂರಬೇಕಲ್ಲ. ಫೋರ್ಮನ್‌ನವು ದೊಡ್ಡ ಸುತ್ತಿನ ಏಟುಗಳು, ಹಾಗಾಗಿ ದಣಿವೂ ದುಪ್ಪಟ್ಟು.

ಹತ್ತಿರ ಬಂದಾಗಲೆಲ್ಲ ಅಲಿಯ ಎಡಗೈ ಅವನ ಕತ್ತಿನ ಹಿಂದೆ ಹೋಗುತ್ತದೆ, ತಲೆ ಕೆಳಕ್ಕೆ ಅದುಮುತ್ತದೆ. ಸುಮಾರು 98 ಕೆಜಿ ಆಳಿನ ಭಾರವನ್ನು ಕತ್ತಿನ ಮೇಲೆ ಹೊತ್ತು ತಲೆ ಎತ್ತಬೇಕು, ಎತ್ತಿದ ಕೂಡಲೇ ಮತ್ತೆ ಅದುಮುತ್ತಾನೆ. ನಿಯಮದಲ್ಲಿ ಇದು ತಪ್ಪು. ಆದರೂ ರೆಫರಿ ಝ್ಯಾಕ್ ಕ್ಲೇಟನ್ ಪಾಯಿಂಟ್ ಕಳೆಯಲಿಲ್ಲ. ನನ್ನ ಮಟ್ಟಿಗೆ ಫೋರ್ಮನ್‌ನ ಶಕ್ತಿ ಹೀರಿದ್ದರಲ್ಲಿ ಹಗ್ಗದಷ್ಟೇ ಪಾಲು ಈ ಎಡಗೈಗೂ ಇದೆ.

ಮತ್ತೆ, ಅಲಿ ತಿರುಗಿ ಹೊಡೆಯುತ್ತಲೇ ಇದ್ದ. ಐದನೇ ರೌಂಡು ನೋಡು: ಎರಡು ನಿಮಿಷದ ಮೇಲೆ ಫೋರ್ಮನ್ ಬಡಿಯುತ್ತಾನೆ, ಕೊನೆಯ ಅರ್ಧ ನಿಮಿಷ ಅಲಿ ಹಗ್ಗದಿಂದ ಎದ್ದು ನೇರ ಏಟುಗಳನ್ನು ಸುರಿಸುತ್ತಾನೆ. ಜಡ್ಜ್ ನೆನಪಿನಲ್ಲಿ ಉಳಿಯುವುದೂ ಆ ಕೊನೆಯ ಅರ್ಧ ನಿಮಿಷ. ಏಳು ರೌಂಡು ಮುಗಿದಾಗ ಮೂರೂ ಅಂಕಪಟ್ಟಿಯಲ್ಲಿ ಅಲಿಯೇ ಮುಂದಿದ್ದ. ಬರೀ ಹೊಡೆಸಿಕೊಂಡವನಿಗೆ ಪಾಯಿಂಟ್ ಕೊಡುತ್ತಾರೆಯೇ?

ಹಗ್ಗ ಬೇಕೆಂದೇ ಸಡಿಲ ಬಿಟ್ಟಿದ್ದರು ಎಂಬ ಮಾತನ್ನೂ ಕೇಳಿರುತ್ತೀಯ. ಹಗ್ಗ ಜೋಲಾಗಿತ್ತು, ನಿಜ. ಆದರೆ ಡಂಡಿ, ತಾನು ಅದನ್ನು ಬಿಗಿ ಮಾಡಿದ್ದೆನೇ ಹೊರತು ಸಡಿಲಿಸಿಲ್ಲ ಎಂದೇ ಹೇಳುತ್ತಿದ್ದ. ಹಗ್ಗಕ್ಕೆ ಒರಗಬೇಡ ಎಂದು ಕೂಗುತ್ತಿದ್ದವನೇ ಅದನ್ನು ಸಡಿಲಿಸಿದ ಎಂದರೆ ನಂಬುವುದು ಕಷ್ಟ.

ಎಂಟನೇ ರೌಂಡಿನ ಕೊನೆಯ ಸೆಕೆಂಡುಗಳು. ಫೋರ್ಮನ್ ಮುನ್ನುಗ್ಗಿ ತಪ್ಪುತ್ತಾನೆ, ಕಾಲು ಮೈಯ ಕೆಳಗಿಲ್ಲ. ಅಲಿ ಹಗ್ಗದಿಂದ ಜಾರಿ ಬಲಗೈಗಳನ್ನು ಹಾಕುತ್ತಾನೆ, ಆಮೇಲೆ ಒಂದು ಎಡ ಹುಕ್. ಆ ಹುಕ್ ಬಗ್ಗಿದ ತಲೆಯನ್ನು ಎತ್ತಿ ನಿಲ್ಲಿಸುತ್ತದೆ, ಹಿಂದೆಯೇ ಬಲಗೈ ಮುಖದ ನಟ್ಟನಡುವೆ. ಫೋರ್ಮನ್ ಅರ್ಧ ಸುತ್ತು ತಿರುಗುತ್ತಾ ಬೀಳುವಾಗ ಅಲಿಯ ಬಲಗೈ ಇನ್ನೊಂದು ಏಟಿಗೆ ಸಜ್ಜಾಗಿ ನಿಂತಿದೆ, ಆದರೆ ಹೊಡೆಯುವುದಿಲ್ಲ. ಅಲ್ಲಿ ವಿಡಿಯೋ ನಿಲ್ಲಿಸಿ ಆ ಕೈಯನ್ನು ನೋಡು. ಎರಡು ನಿಮಿಷ 58 ಸೆಕೆಂಡಿಗೆ ನಾಕೌಟ್.

ಒಂದು ಮಾತು, ಜಿಮ್‌ನಲ್ಲಿ ಇದನ್ನು ಮಾಡಲು ಹೋಗಬೇಡ. ಹಗ್ಗಕ್ಕೆ ಬೆನ್ನು ನೆಟ್ಟಗೆ ಇಟ್ಟು ನಿಂತರೆ ತಲೆ ಹಿಂದೆ ಹೋಗಲು ಜಾಗವೇ ಇರುವುದಿಲ್ಲ. ಮುಖ ಕಾಯಲು ಕೈ ಎತ್ತಿದರೆ ಮೊಣಕೈ ಪಕ್ಕೆ ಬಿಡುತ್ತದೆ, ಯಕೃತ್ತಿನ ಮೇಲೆ ಒಂದು ಗಿಡ್ಡ ಎಡ ಹುಕ್ ಬಿದ್ದರೆ ಮಂಡಿಯೂರುತ್ತೀಯ. ಎದುರಿನವನು ಗಿಡ್ಡ, ನೇರ ಏಟಿನವನಾದರೆ ದಣಿಯುವುದೂ ಇಲ್ಲ.

ಹಾಗೆ ದಣಿಯದೆ ಆಡುವುದನ್ನು ಫೋರ್ಮನ್ ಆಮೇಲೆ ಕಲಿತ. ಹತ್ತು ವರ್ಷ ರಿಂಗ್ ಬಿಟ್ಟಿದ್ದು ಮರಳಿದವನ ಕೈಗಳು ಎದೆಯ ಮುಂದೆ ಅಡ್ಡಡ್ಡ ಮಡಚಿದ್ದವು. ಅದು ಹಳೆಯ ಚಾಂಪಿಯನ್ ಆರ್ಚಿ ಮೂರ್‌ನ ಕಾವಲು, ಅದೇ ಮೂರ್ ಕಿನ್ಶಾಸಾದಲ್ಲಿ ಅವನ ಕಾರ್ನರಿನಲ್ಲಿದ್ದ. 1994ರ ನವೆಂಬರ್ 5ರಂದು, 45ರ ವಯಸ್ಸಿನಲ್ಲಿ, ಕಿನ್ಶಾಸಾದಲ್ಲಿ ತೊಟ್ಟಿದ್ದ ಕೆಂಪು ಚಡ್ಡಿಯನ್ನೇ ತೊಟ್ಟು ಆಗಿನ ಚಾಂಪಿಯನ್ ಮೈಕಲ್ ಮೂರರ್ ಎದುರು ಇಳಿದ. ಪಾಯಿಂಟಿನಲ್ಲಿ ಹಿಂದಿದ್ದ. ಹತ್ತನೇ ರೌಂಡಿನಲ್ಲಿ ಒಂದು ಗಿಡ್ಡ, ನೇರ ಬಲಗೈ ಬಿಟ್ಟ, ಮೂರರ್ ಏಳಲಿಲ್ಲ. ಮುಂದಿನ ವಾರ ಅದನ್ನು ನೋಡಿ ಬರೆ.

ನಿನ್ನ ಗೆಳೆಯ