ಮಗನ ಆರೈಕೆಗೆ ಕೈಜೋಡಿಸಿದವರಿಗೆ

ನಮ್ಮ ನಾಲ್ಕು ವರ್ಷದ ಮಗನಿಗೆ ಬಂದಿದ್ದ ನೆಫ್ರೋಟಿಕ್ ಸಿಂಡ್ರೋಮ್ ಎಂಬ ಮೂತ್ರಪಿಂಡದ ಕಾಯಿಲೆ ಹತೋಟಿಗೆ ಬಂದಿದ್ದು, ವೈದ್ಯರು ಕಳೆದ ವಾರ ಸ್ಟೀರಾಯ್ಡ್ ಮಾತ್ರೆಯನ್ನು ಪೂರ್ತಿ ನಿಲ್ಲಿಸಿದ್ದಾರೆ. ಈ ಕಾಯಿಲೆಯ ಆರೈಕೆಯ ಬಹುಪಾಲು ನಡೆಯುವುದು ಮನೆಯಲ್ಲಿಯೇ. ಆ ಭಾರವನ್ನು ನಮ್ಮೊಂದಿಗೆ ಹೊತ್ತವರಿಗೆ ನಾನೂ ನನ್ನ ಯಜಮಾನರೂ ಎಲ್ಲರೆದುರು ಕೃತಜ್ಞತೆ ಸಲ್ಲಿಸುತ್ತಿದ್ದೇವೆ.

ಮೂತ್ರದಲ್ಲಿ ಪ್ರೋಟೀನ್ ಸೋರಿಹೋಗಿ ಮೈಯಲ್ಲಿ ನೀರು ತುಂಬಿಕೊಳ್ಳುವುದರಿಂದ ಬೆಳಿಗ್ಗೆ ಏಳುವಷ್ಟರಲ್ಲಿ ಮಗನ ಕಣ್ಣಿನ ಸುತ್ತ ಬಾವು ಬಂದಿರುತ್ತಿತ್ತು. ಹುಬ್ಬಳ್ಳಿಯ ಕಿಮ್ಸ್ ಮಕ್ಕಳ ವಿಭಾಗದ ವೈದ್ಯರು, ಪ್ರೆಡ್ನಿಸೋಲೋನ್ ಎಂಬ ಸ್ಟೀರಾಯ್ಡ್ ಮಾತ್ರೆಗೆ ಹೆಚ್ಚಿನ ಮಕ್ಕಳು ಗುಣಮುಖರಾಗುತ್ತಾರೆಂದೂ, ಆದರೂ ಅನೇಕರಲ್ಲಿ ಕಾಯಿಲೆ ಮರುಕಳಿಸುತ್ತದೆಂದೂ, ಮೊದಲ 6 ವಾರ ದಿನವೂ, ಮುಂದಿನ 6 ವಾರ ದಿನ ಬಿಟ್ಟು ದಿನವೂ ಕೊಡಬೇಕಾದ ಈ ಮಾತ್ರೆಯನ್ನು ನಡುವೆ ನಾವಾಗಿಯೇ ನಿಲ್ಲಿಸಬಾರದೆಂದೂ ತಿಳಿಹೇಳಿದರು. ಗದಗದಿಂದ ಬಂದಿದ್ದ ನಮ್ಮ ಮಾವನವರು ಕೇಳಿದಾಗ ಅದನ್ನೆಲ್ಲ ಮತ್ತೊಮ್ಮೆ ಬೇಸರವಿಲ್ಲದೆ ವಿವರಿಸಿದರು.

ಎಲ್ಲರಿಗಿಂತ ಹೆಚ್ಚು ಋಣ ನಮಗಿರುವುದು ಅಲ್ಲಿನ ಒಬ್ಬ ಸಿಸ್ಟರ್ ಅವರದು. ಮುಂಜಾನೆಯ ಮೊದಲ ಮೂತ್ರವನ್ನು ಸ್ವಚ್ಛ ಬಟ್ಟಲಿನಲ್ಲಿ ಹಿಡಿದು, ಪರೀಕ್ಷೆಯ ಪಟ್ಟಿಯನ್ನು ಅದರಲ್ಲಿ ಅದ್ದಿ ತಕ್ಷಣ ತೆಗೆದು, ಅಂಚನ್ನು ಬಟ್ಟಲಿಗೆ ತಾಗಿಸಿ ಹನಿ ಇಳಿಸಿ, ಗಡಿಯಾರ ನೋಡಿಕೊಂಡು ಡಬ್ಬಿಯ ಮೇಲಿನ ಬಣ್ಣಗಳಿಗೆ ಹೋಲಿಸುವುದನ್ನು ಅವರು ಕಲಿಸಿದರು. ಪಟ್ಟಿ ಹಳದಿಯಾಗಿಯೇ ಉಳಿದರೆ ಪ್ರೋಟೀನ್ ಇಲ್ಲ, ಹಸಿರು ಗಾಢವಾದಷ್ಟೂ ಸೋರಿಕೆ ಹೆಚ್ಚು. ಕಿಟಕಿಯ ಬೆಳಕಿಗೆ ಹಿಡಿದು ನೋಡಬೇಕು, ಟ್ಯೂಬ್‌ಲೈಟಿನ ಕೆಳಗೆ ಬಣ್ಣ ಮೋಸಮಾಡುತ್ತದೆ ಎಂದು ಅವರು ಹೇಳಿದ್ದು ನನಗೆ ಬಹಳ ಉಪಯೋಗಕ್ಕೆ ಬಂದಿತು. ವಹಿಯೊಂದಕ್ಕೆ ಗೆರೆ ಎಳೆದುಕೊಟ್ಟು, ದಿನಾಂಕ, ತೂಕ, ಪಟ್ಟಿಯ ಫಲಿತಾಂಶ, ಕೊಟ್ಟ ಮಾತ್ರೆ ಎಂದು ತಾವೇ ತಲೆಬರಹ ಬರೆದರು. ಸತತ 3 ದಿನ 3 ಪ್ಲಸ್ (ಡಬ್ಬಿಯ ಮೇಲಿನ ಗಾಢ ಹಸಿರಿನ ಗುರುತು) ಬಂದರೆ ಕಾಯಿಲೆ ಮರುಕಳಿಸಿದಂತೆ, ಕೂಡಲೇ ಬರಬೇಕು ಎಂಬುದನ್ನು ಮೊದಲ ಪುಟದಲ್ಲಿಯೇ ಕೆಂಪು ಶಾಯಿಯಲ್ಲಿ ದಾಖಲಿಸಿದರು. ಒಮ್ಮೆ ಹಾಗೆಯೇ ಆಯಿತು. ಮುಖ ಬಾತುಕೊಳ್ಳುವ ಮೊದಲೇ ಆ ವಹಿಯಿಂದ ನಮಗದು ತಿಳಿದು, ಮಗನನ್ನು ದಾಖಲು ಮಾಡುವ ಪ್ರಸಂಗವೇ ಬರಲಿಲ್ಲ.

ಬಾವು ಇರುವಷ್ಟು ಕಾಲ ಉಪ್ಪು ಕಡಿಮೆ ಮಾಡಬೇಕಾಗಿದ್ದಾಗ ನಮ್ಮ ಅತ್ತೆಯವರು ಉಪ್ಪಿನಕಾಯಿಯ ಭರಣಿಯನ್ನೂ ಹಪ್ಪಳ, ಸಂಡಿಗೆಯ ಡಬ್ಬಿಗಳನ್ನೂ ಅಟ್ಟದ ಮೇಲೆ ಇಟ್ಟುಬಿಟ್ಟರು. "ಕೂಸು ಸಪ್ಪಂದು ಉಣ್ಣಾಕತ್ತಾಗ ನಮಗ್ಯಾಕ ಬೇಕವ್ವಾ ಅವೆಲ್ಲಾ" ಎಂದು ಹೇಳಿ ತಾವೂ ಸಪ್ಪೆಯನ್ನೇ ಉಂಡರು. ಸ್ಟೀರಾಯ್ಡ್‌ನಿಂದ ಮಗನಿಗೆ ತಡೆಯಲಾರದ ಹಸಿವು, ಹಠ. ನಡುರಾತ್ರಿ ಎದ್ದು ಅಳುತ್ತಿದ್ದ ಅವನಿಗೆ ಹಾಲಿನಲ್ಲಿ ರೊಟ್ಟಿ ಮುರಿದು ನೆನೆಸಿ ಉಣಿಸುತ್ತಿದ್ದವರೂ ಅವರೇ. ನಾನು ಮರುದಿನ ಕೆಲಸಕ್ಕೆ ಹೋಗಬೇಕೆಂದು ಅವರು ನನ್ನನ್ನು ಎಬ್ಬಿಸುತ್ತಿರಲಿಲ್ಲ.

ಅಂಗನವಾಡಿಯ ಅಕ್ಕೋರು ಮಾಡಿದ ಉಪಕಾರ ದೊಡ್ಡದು. ಸ್ಟೀರಾಯ್ಡ್ ತೆಗೆದುಕೊಳ್ಳುವ ಮಗುವಿಗೆ ಸೋಂಕನ್ನು ಎದುರಿಸುವ ಶಕ್ತಿ ತಗ್ಗಿರುತ್ತದೆ, ಚಿಕನ್ ಪಾಕ್ಸ್ ತಗುಲಿದರೆ ಅದು ಉಲ್ಬಣಿಸಬಹುದು. ಇದನ್ನು ನಾವು ಹೇಳಿದ್ದು ಒಂದೇ ಸಲ. ಒಂದು ಮಗುವಿನ ಮೈಮೇಲೆ ಗುಳ್ಳೆ ಎದ್ದಿರುವುದು ಗೊತ್ತಾದ ಕೂಡಲೇ, ನಾವು ಮನೆಯಿಂದ ಹೊರಡುವ ಮೊದಲೇ ಫೋನ್ ಮಾಡಿ, ಮಗನನ್ನು ಕಳಿಸಬೇಡಿರೆಂದು ಅವರು ತಿಳಿಸಿದರು.

ಕೇಶ್ವಾಪುರದ ನಮ್ಮ ಓಣಿಯ ಕಾಕಾ ಹೊತ್ತಲ್ಲದ ಹೊತ್ತಿನಲ್ಲಿಯೂ ಆಟೋ ತೆಗೆದರು, ಔಷಧಿ ಅಂಗಡಿಯವರು ಪಟ್ಟಿಗಳನ್ನು ಮುಂಚಿತವಾಗಿ ತರಿಸಿಟ್ಟರು. ಇಬ್ಬರಿಗೂ ನಮ್ಮ ನಮಸ್ಕಾರಗಳು.

ಕಾಯಿಲೆ ಮತ್ತೆ ಬರಬಹುದಾದ್ದರಿಂದ ಪರೀಕ್ಷೆಯನ್ನು ನಾವು ಮುಂದುವರಿಸಿದ್ದೇವೆ. ಹುಬ್ಬಳ್ಳಿ-ಧಾರವಾಡದಲ್ಲಿ ಇದೇ ಕಾಯಿಲೆಯ ಮಗುವಿರುವ ಮನೆಯವರಿಗೆ ಪಟ್ಟಿ ನೋಡುವುದಾಗಲಿ ವಹಿ ಬರೆಯುವುದಾಗಲಿ ತೊಡಕೆನಿಸಿದರೆ, ಆ ಸಿಸ್ಟರ್ ಮೂಲಕ ನಮಗೆ ಹೇಳಿಕಳಿಸಬೇಕಾಗಿ ವಿನಂತಿ. ನಾನೇ ಮನೆಗೆ ಬಂದು ತೋರಿಸಿಕೊಡುತ್ತೇನೆ.