ಪುಟ್ಟಿ ಮದುವೆಗೆ ಶ್ರಾವಣದ ಮುಹೂರ್ತ ಕೇಳಿ

ರೆಡಿಂಗ್, ಇಂಗ್ಲೆಂಡ್
18 ಜನವರಿ 2026

ತೀರ್ಥರೂಪ ಅಪ್ಪನಿಗೆ, ಮಾತೃಶ್ರೀ ಅಮ್ಮನಿಗೆ ನಮಸ್ಕಾರಗಳು.

ನಾವೆಲ್ಲ ಕ್ಷೇಮ. ಚಿಕ್ಕವನ ಕೆಮ್ಮು ಇನ್ನೂ ಪೂರ್ತಿ ಬಿಟ್ಟಿಲ್ಲ, ಅಷ್ಟೆ. ಫೋನಿನಲ್ಲಿ ಮದುವೆ ಮಾತು ಬಂದರೆ ಅಪ್ಪನೂ ನಾನೂ ದನಿ ಏರಿಸುತ್ತೇವೆ, ಅದಕ್ಕೇ ಈ ಕಾಗದ.

ಮದುವೆ ಮೇ ಎರಡನೇ ವಾರವೇ ಆಗಲಿ ಅನ್ನುತ್ತೀರಿ. ಆಗ ಅಲ್ಲಿ ಎಲ್ಲರ ಮಕ್ಕಳಿಗೂ ಬೇಸಿಗೆ ರಜೆ, ಒಪ್ಪಿದೆ. ಇಲ್ಲಿ ಆಗ ಶಾಲೆ ಭರದಿಂದ ನಡೆಯುತ್ತಿರುತ್ತದೆ. 'ಹೆಡ್‌ಮಾಸ್ಟರಿಗೆ ಒಂದು ಚೀಟಿ ಬರೆದುಕೊಡು' ಅಂದಿರಿ. ಬರೆದುಕೊಟ್ಟೆವು. ಮದುವೆಯ ದಿನಕ್ಕೆ ಮಾತ್ರ ಒಪ್ಪಿಗೆ, ಉಳಿದ ದಿನಗಳಿಗೆ ಇಲ್ಲ ಅಂತ ಉತ್ತರ ಬಂತು. 2013ರಿಂದ ಇಂಗ್ಲೆಂಡಿನಲ್ಲಿ ಹೀಗೇ: ತೀರಾ ಅಪರೂಪದ ಕಾರಣವಿಲ್ಲದೆ ಶಾಲೆ ನಡೆಯುವಾಗ ರಜೆ ಕೊಡುವಂತಿಲ್ಲ. ಒಪ್ಪಿಗೆಯಿಲ್ಲದೆ ಐದು ದಿನ ತಪ್ಪಿದರೆ ದಂಡದ ನೋಟಿಸು. ಮಗುವೊಂದಕ್ಕೆ 80 ಪೌಂಡ್, ಅದೂ ಅಪ್ಪನಿಗೆ ಬೇರೆ, ಅಮ್ಮನಿಗೆ ಬೇರೆ. ನಮ್ಮ ಲೆಕ್ಕಕ್ಕೆ 320 ಪೌಂಡ್, ಅಂದರೆ 35 ಸಾವಿರ ರೂಪಾಯಿಗೂ ಮೇಲೆ. 21 ದಿನದೊಳಗೆ ಕಟ್ಟದಿದ್ದರೆ ದುಪ್ಪಟ್ಟು.

ದುಡ್ಡು ಹೇಗೋ ಹೊಂದಿಸಬಹುದು. ಇಲ್ಲಿ ಎಷ್ಟೋ ಜನ, ಆಗಸ್ಟಿನ ಟಿಕೆಟ್ಟಿಗಿಂತ ದಂಡವೇ ಅಗ್ಗ ಅಂತ ಕಟ್ಟಿ ಹೋಗಿಬರುತ್ತಾರೆ. ನನಗೆ ಯೋಚನೆ ಇರುವುದು ಮುಂದಿನದರ ಬಗ್ಗೆ. ಮೂರು ವರ್ಷದೊಳಗೆ ಎರಡನೇ ಸಲವಾದರೆ ನೇರ 160, ಮೂರನೇ ಸಲ ದಂಡದ ನೋಟಿಸಿನ ಮಾತೇ ಇಲ್ಲ, ಕೇಸು ಕೋರ್ಟಿಗೆ ಹೋಗಬಹುದು, ಅಲ್ಲಿ 2500 ಪೌಂಡ್‌ವರೆಗೂ ಜುಲ್ಮಾನೆ. ನಾಳೆ ಅಜ್ಜಿಗೆ ಏನಾದರೂ ಹೆಚ್ಚುಕಡಿಮೆಯಾಗಿ ಓಡಿಬರಬೇಕಾದರೆ ಆಗ ಇದು ಎಷ್ಟನೇ ಸಲ ಅಂತ ಎಣಿಸುತ್ತ ಕೂರುವುದು ನನಗೆ ಬೇಡ.

ವಾದ ಮಾಡಿ ಗೆಲ್ಲುವುದೂ ಕಷ್ಟ. ಇಲ್ಲಿನ ಐಲ್ ಆಫ್ ವೈಟ್ ದ್ವೀಪದ ಜಾನ್ ಪ್ಲಾಟ್ ಅನ್ನುವವರು ಮಗಳನ್ನು ಫ್ಲೋರಿಡಾಕ್ಕೆ ಕರೆದುಕೊಂಡು ಹೋಗಿ, ದಂಡ ಕಟ್ಟಲ್ಲ ಅಂತ ಸುಪ್ರೀಂ ಕೋರ್ಟಿನವರೆಗೆ ಹೋದರು. ಕೆಳಗಿನ ಕೋರ್ಟುಗಳಲ್ಲಿ ಗೆದ್ದಿದ್ದರು, 2017ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಸೋತರು. ತಮಾಷೆ ಅಂದರೆ ಪಕ್ಕದ ಸ್ಕಾಟ್‌ಲೆಂಡಿನಲ್ಲಿ ಈ ದಂಡವೇ ಇಲ್ಲ!

ಜ್ವರ ಅಂತ ಹೇಳಿಬಿಡು ಅಂತ ಅಮ್ಮನ ಉಪಾಯ. ಅಮ್ಮಾ, ದೊಡ್ಡವಳು ಮೊಣಕೈವರೆಗೆ ಮೆಹೆಂದಿ ಹಾಕಿಸಿಕೊಂಡು, ತರಗತಿಯಲ್ಲಿ ಎಲ್ಲರ ಮುಂದೆ ಕೈ ಚಾಚಿ 'ನನ್ನ ಅತ್ತೆ ಮದುವೆ' ಅನ್ನದೇ ಇರುತ್ತಾಳೆಯೇ? ಸುಳ್ಳು ಹೇಳು ಅಂತ ಅವಳಿಗೆ ನಾನೇ ಕಲಿಸಬೇಕಾಗುತ್ತದೆ. ಅದಾಗದು.

ಪಂಚಾಂಗ ನೋಡಿಯೇ ಬರೆಯುತ್ತಿದ್ದೇನೆ. ಮೇ ಕೊನೆಗೆ ಇಲ್ಲಿ ಒಂದು ವಾರ ರಜೆ, ಆದರೆ ಈ ವರ್ಷ ಆಗ ಅಧಿಕ ಜ್ಯೇಷ್ಠ. ಜುಲೈ ಕೊನೆಯಿಂದ ಆಗಸ್ಟ್ ಮುಗಿಯುವವರೆಗೆ ದೊಡ್ಡ ರಜೆ, ಅದರಲ್ಲಿ ಮೊದಲರ್ಧ ಆಷಾಢ ನುಂಗುತ್ತದೆ. ಆಗಸ್ಟ್ 13ಕ್ಕೆ ಶ್ರಾವಣ ಶುರು. ಅಲ್ಲಿಂದ ತಿಂಗಳ ಕೊನೆಯೊಳಗೆ ಒಂದು ಒಳ್ಳೆ ಲಗ್ನ ಸಿಕ್ಕರೆ ನಾವು ನಾಲ್ಕೂ ಜನ ಆಷಾಢದಲ್ಲೇ ಬಂದು, ಚಪ್ಪರದ ಕೆಲಸಕ್ಕೂ ಕೈ ಹಾಕಬಹುದು. ಮಳೆಯ ಕಾಟ ಇರುತ್ತದೆ, ಗೊತ್ತು. ಛತ್ರವೇ ಆಗಲಿ, ಅದರ ಖರ್ಚು ನನ್ನದು.

ಬೀಗರು ಮೇ ತಿಂಗಳೇ ಆಗಬೇಕೆಂದು ಹಟ ಹಿಡಿದರೆ ನಾನೊಬ್ಬನೇ ಬರುತ್ತೇನೆ. ಪುಟ್ಟಿಗೆ ಇದನ್ನು ಈಗಲೇ ಹೇಳಬೇಡಿ. ಜೋಯಿಸರನ್ನು ಈ ವಾರವೇ ಕೇಳಿ. ಅಲ್ಲಿಯವರೆಗೆ ಯಾರಿಗೂ ಅಡ್ವಾನ್ಸ್ ಕೊಡಬೇಡಿ.

ಇಂತಿ ನಿಮ್ಮ ಮಗ,
ರಘು