ಬಾಂಬಿಗೆ ಜಗ್ಗದ ಬಾವಿ, ಸಾಕೆಟ್‌ಗೆ ಜಗ್ಗಿತು

ಸಂಪಾದಕರೇ,

ಇರಾನಿನ 'ಕ್ಷಿಪಣಿ ನಗರ'ಗಳ ವಿಡಿಯೊ ಟಿವಿಯಲ್ಲಿ ಬಂದಾಗಲೆಲ್ಲ ಒಂದೇ ಮಾತು. ಬೆಟ್ಟದಡಿಯ ಸುರಂಗ, ಸಾಲಾಗಿ ನಿಂತ ಕ್ಷಿಪಣಿಗಳು, ಹೊರಗಿನ ಬಾಂಬು ತಟ್ಟುವುದೇ ಇಲ್ಲವಂತೆ. ಸರಿ, ಒಳಗೇ ಎಡವಟ್ಟಾದರೆ?

1980ರ ಸೆಪ್ಟೆಂಬರ್ 18ರ ಸಂಜೆ ಅಮೆರಿಕದ ಅರ್ಕಾನ್ಸಾ ರಾಜ್ಯದಲ್ಲಿ ಹಾಗೇ ಆಯಿತು. ಊರಿನ ಹೆಸರು ಡಮಾಸ್ಕಸ್ (ಸಿರಿಯಾದ್ದಲ್ಲ, ಇದು ಪುಟ್ಟ ಊರು). ಅಲ್ಲಿನ ನೆಲದಡಿ, ಕಾಂಕ್ರೀಟ್ ಬಾವಿಯೊಂದರಲ್ಲಿ ಟೈಟನ್–2 ಕ್ಷಿಪಣಿ ನಿಂತಿತ್ತು. ರಿಪೇರಿಗೆ ಇಳಿದಿದ್ದವನ ಪಾನಾದಿಂದ ಸಾಕೆಟ್ (ನಟ್ಟಿನ ಮೇಲೆ ಕೂರುವ ಲೋಹದ ಬಿಡಿಭಾಗ) ಕಳಚಿ ಬಿತ್ತು. ತೂಕ ಮೂರೂವರೆ ಕಿಲೊ ಆಸುಪಾಸು. ಸುಮಾರು 80 ಅಡಿ ಕೆಳಗೆ ಬಡಿದು, ಪುಟಿದು, ಇಂಧನದ ಟ್ಯಾಂಕಿಗೆ ತೂತು ಮಾಡಿತು. ರಾತ್ರಿಯಿಡೀ ಇಂಧನ ಸೋರಿತು. ಬೆಳಗಿನ ಜಾವ ಬಾವಿ ಸಿಡಿದು, ಸುಮಾರು 740 ಟನ್ ತೂಕದ ಮುಚ್ಚಳ ತಟ್ಟೆಯ ಹಾಗೆ ಹಾರಿಹೋಯಿತು! ಒಬ್ಬ ಯೋಧ ಸತ್ತ, 21 ಮಂದಿಗೆ ಗಾಯ.

ತುದಿಯಲ್ಲಿದ್ದ ಅಣುಬಾಂಬು ಹೊರಗೆ ಬಿದ್ದಿತ್ತು. ಅದರ ಸ್ಫೋಟಕ ಶಕ್ತಿ 9 ಮೆಗಾಟನ್, ಅಂದರೆ ಹಿರೋಷಿಮಾದ್ದಕ್ಕಿಂತ ಸುಮಾರು 600 ಪಟ್ಟು ಜಾಸ್ತಿ. ಪುಣ್ಯಕ್ಕೆ ಅದು ಸಿಡಿಯಲಿಲ್ಲ. ಟೈಟನ್–2ಗಳನ್ನೆಲ್ಲ ತೆಗೆದುಹಾಕಿದ್ದು 1987ರಲ್ಲಿ. ಈಗ ಅರಿಜೋನಾದ ಅಂಥದ್ದೇ ಒಂದು ಬಾವಿ ಮ್ಯೂಸಿಯಂ ಆಗಿದೆ, ಟಿಕೆಟ್ ತಗೊಂಡು ನೋಡಬಹುದು.

ನಮ್ಮ ಪತ್ರಿಕೆಗಳಲ್ಲಿ ಸುರಂಗದ ಆಳ, ಕ್ಷಿಪಣಿಯ ದೂರ ಎಲ್ಲ ಬರುತ್ತೆ. ಮೇಲೆ ಹೊಲ ಉಳುವವರ ಬಗ್ಗೆಯೂ ನಾಲ್ಕು ಸಾಲು ಬರಲಿ, ಅಲ್ವಾ?

– ನಿಮ್ಮ ಓದುಗ, ಶಿವಮೊಗ್ಗ